ಕನ್ನಂಬಾಡಿ ಕಟ್ಟೆಯ ಅಡಿಲೆಕ್ಕ

ಮುಂಗಾರು ಹಿಡಿಯಿತೆಂದರೆ ಮಂಡ್ಯ ಸೀಮೆಯ ರೈತನು ಪತ್ರಿಕೆಯಲ್ಲಿ ಮೊದಲು ಅರಸುವುದು ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು. 124.80 ಅಡಿಗೆ ಕಟ್ಟೆ ತುಂಬಿದಂತೆ. ಆಗ ಅದರಲ್ಲಿರುವ ನೀರು 49.45 ಟಿ.ಎಂ.ಸಿ., ಎಂದರೆ 4,945 ಕೋಟಿ ಘನ ಅಡಿ. ಹಾಗಾದರೆ ಮಟ್ಟ 100 ಅಡಿಯಿರುವಾಗ ಎಷ್ಟು ನೀರಿದ್ದೀತು? ಐದರಲ್ಲಿ ನಾಲ್ಕು ಪಾಲೆಂದು ನನ್ನ ವಿದ್ಯಾರ್ಥಿಗಳು ಥಟ್ಟನೆ ಹೇಳುತ್ತಾರೆ. ವಾಸ್ತವವಾಗಿ ಇರುವುದು ಅರ್ಧಕ್ಕೂ ಕಡಮೆ, ಸುಮಾರು 23 ಟಿ.ಎಂ.ಸಿ. ಅದರಲ್ಲಿಯೂ ತಳದ 4.4 ಟಿ.ಎಂ.ಸಿ.ಯಷ್ಟು ನೀರು ಬಳಕೆಗೆ ಒದಗತಕ್ಕುದಲ್ಲ.

ಜಲಾಶಯವು ನೆಟ್ಟನೆಯ ಗೋಡೆಗಳುಳ್ಳ ತೊಟ್ಟಿಯಲ್ಲ. ಬಾಯಿ ಅಗಲವಾದ ಬಾಣಲೆಯಂಥದು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ಕಣಿವೆಗಳು ತಳದಲ್ಲಿ ಇಕ್ಕಟ್ಟು, ಮೇಲೇರಿದಂತೆ ವಿಶಾಲ. ತುಂಬಿದಾಗ ನೀರಿನ ಹರಹು ಸುಮಾರು 130 ಚದರ ಕಿಲೋಮೀಟರು. ಆ ಹರಹಿನ ಮೇಲೆ ಒಂದೇ ಅಡಿ ಏರಬೇಕಾದರೆ 1.4 ಟಿ.ಎಂ.ಸಿ. ನೀರು ಬೇಕು. ಒಳಹರಿವು ಒಂದೇ ಸಮನಾಗಿದ್ದರೂ ಮಟ್ಟವು ಮೊದಲು ಬೇಗಬೇಗನೆ ಏರಿ, ಕೊನೆಯ ಅಡಿಗಳಲ್ಲಿ ಆಮೆಯ ನಡಿಗೆ ಹಿಡಿಯುವುದು ಇದರಿಂದಲೇ.

ಒಡ್ಡಿನ ಮೇಲೆ ಬೀಳುವ ಒತ್ತಡದ ವಿಚಾರ ಬೇರೆ. ಅದಕ್ಕೆ ಹರಹಿನ ಗೊಡವೆಯಿಲ್ಲ, ಆಳವೊಂದೇ ಲೆಕ್ಕ. ಸುಮಾರು 38 ಮೀಟರು ಆಳದಲ್ಲಿ ಒಂದೊಂದು ಚದರ ಮೀಟರಿನ ಮೇಲೂ 38 ಟನ್ನಿನಷ್ಟು ಭಾರ. ಆದುದರಿಂದಲೇ 1911ರಲ್ಲಿ ಆರಂಭವಾದ, ಸುರ್ಕಿ ಗಾರೆಯ ಈ ಕಟ್ಟಡ ಬುಡದಲ್ಲಿ ಅಷ್ಟು ದಪ್ಪ. ಬೃಂದಾವನದ ಕಾರಂಜಿಗಳನ್ನು ನೋಡಲು ಬಂದವರು ಒಮ್ಮೆ ಹಿಂದಿರುಗಿ ಈ ಗೋಡೆಯನ್ನೂ ನೋಡಬಾರದೆ?

ಈ ನೀರನ್ನು ನೆಚ್ಚಿದವರು ಅನೇಕರು: ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳು, ಶಿವನಸಮುದ್ರದ ವಿದ್ಯುದಾಗಾರ, ಬೆಂಗಳೂರು ಮೈಸೂರುಗಳ ನಲ್ಲಿಗಳು, ಗಡಿಯಾಚೆಯ ತಮಿಳುನಾಡು. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲಿಲ್ಲ. ಸೆಪ್ಟೆಂಬರಿನಲ್ಲಿ ಮಟ್ಟ 100 ಅಡಿಗಿಂತ ಕೆಳಗಿಳಿಯಿತು. ಆ ದಿನಗಳಲ್ಲಿಯೇ, ಗಡಿಯ ಬಿಳಿಗುಂಡ್ಲುವಿನಲ್ಲಿ 5,000 ಕ್ಯುಸೆಕ್ಕಿನಂತೆ 15 ದಿನ ನೀರು ಹರಿಯಬೇಕೆಂಬ ಆದೇಶ ಬಂದಿತು. ಕ್ಯುಸೆಕ್ಕೆಂದರೆ ಸೆಕೆಂಡಿಗೆ ಒಂದು ಘನ ಅಡಿ. 11,574 ಕ್ಯುಸೆಕ್ಕು ಒಂದು ಹಗಲು ಒಂದು ರಾತ್ರಿ ಹರಿದರೆ 1 ಟಿ.ಎಂ.ಸಿ. ಈ ಲೆಕ್ಕದಲ್ಲಿ ಆದೇಶದ ನೀರು ಸುಮಾರು 6.5 ಟಿ.ಎಂ.ಸಿ. ಇದಿಷ್ಟೂ ಕನ್ನಂಬಾಡಿಯೊಂದರಿಂದಲೇ ಹೋಗಬೇಕಾದುದಲ್ಲ, ನಿಜ. ಆದರೆ ತುಂಬಿದ ಕಟ್ಟೆಯಿಂದ 1 ಟಿ.ಎಂ.ಸಿ. ತೆಗೆದರೆ ಮಟ್ಟ ಇಳಿಯುವುದು ಒಂಬತ್ತು ಅಂಗುಲದೊಳಗೆ. 100 ಅಡಿಯ ಆಸುಪಾಸಿನಲ್ಲಿ ಅಷ್ಟೇ ನೀರಿಗೆ ಒಂದಡಿಗೂ ಹೆಚ್ಚು.