ಅದೇ ಎಣ್ಣೆ ಗಾಣ: ರಾಮನಗರಕ್ಕಿಂತ ಕೈಲಾಂಚದಲ್ಲಿ ಹಾಕಿದ್ರೆ 1 ಲಕ್ಷ ರೂ. ಜಾಸ್ತಿ ಸಬ್ಸಿಡಿ, ಯಾಕೆ?

ಕೈಲಾಂಚ: ಎಣ್ಣೆ ಗಾಣನೋ, ಹಿಟ್ಟಿನ ಗಿರಣಿನೋ, ರೇಷ್ಮೆ ನೂಲು ಬಿಚ್ಚೋ ಘಟಕನೋ ಹಾಕ್ಬೇಕು ಅಂತಿದ್ದೀರಾ? ರಾಮನಗರ ಟೌನ್‌ನಲ್ಲಿ ಬಾಡಿಗೆಗೆ ಜಾಗ ಹುಡುಕೋ ಮೊದಲು ಇದನ್ನ ಓದಿ. ಅದೇ ಮಿಷನ್, ಅದೇ 10 ಲಕ್ಷ ರೂ. ಖರ್ಚು. ಆದ್ರೆ ಜಾಗ ಯಾವುದು ಅನ್ನೋದರ ಮೇಲೆ ಸರ್ಕಾರದ ದುಡ್ಡು ಬದಲಾಗುತ್ತೆ.

ಇದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದ್ರೆ ಪಿಎಂಇಜಿಪಿ. 2008ರಲ್ಲಿ ಶುರುವಾಯ್ತು. ಕೇಂದ್ರ ಸರ್ಕಾರ 2025-26ರವರೆಗೆ ಮುಂದುವರಿಸಿದ ಯೋಜನೆ. ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂ. ವರೆಗಿನ ವೆಚ್ಚಕ್ಕೆ ಸಬ್ಸಿಡಿ ಲೆಕ್ಕ ಹಾಕ್ತಾರೆ. ಜಾಗ ಕೊಂಡ ದುಡ್ಡು ಇದರಲ್ಲಿ ಸೇರಲ್ಲ.

ಹಳ್ಳಿ ಯಾವುದು, ಪಟ್ಟಣ ಯಾವುದು?

ಗ್ರಾಮ ಪಂಚಾಯಿತಿ ವ್ಯಾಪ್ತಿ ಆದ್ರೆ ಗ್ರಾಮೀಣ, ಪುರಸಭೆ-ನಗರಸಭೆ ಆದ್ರೆ ನಗರ. ಕೈಲಾಂಚ ಗ್ರಾಮ ಪಂಚಾಯಿತಿ. ರಾಮನಗರ ನಗರಸಭೆ. ಬಿಡದಿನೂ ಈಗ ಪುರಸಭೆ. ಜಿಲ್ಲೆ ಹೆಸರು ಬೆಂಗಳೂರು ದಕ್ಷಿಣ ಅಂತ ಆದ್ರೂ ನಮ್ಮ ಪಂಚಾಯಿತಿ ಪಂಚಾಯಿತಿನೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇನ್ನೊಂದು ಮಾತು, ನೀವು ಎಲ್ಲಿ ವಾಸ ಇದ್ದೀರಿ ಅನ್ನೋದಲ್ಲ, ಘಟಕ ಎಲ್ಲಿದೆ ಅನ್ನೋದು ಮುಖ್ಯ.

ಲೆಕ್ಕ ನೋಡಿ

ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಮಹಿಳೆಯರು, ಎಸ್ಸಿ, ಎಸ್ಟಿ, ಒಬಿಸಿ, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35.

ಒಬ್ಬ ಹೆಣ್ಣುಮಗಳು ಕೈಲಾಂಚದಲ್ಲಿ 10 ಲಕ್ಷದ ಗಾಣ ಹಾಕಿದ್ರೆ, ಕೈಯಿಂದ ಹಾಕೋದು ಶೇ 5, ಅಂದ್ರೆ 50 ಸಾವಿರ. ಬ್ಯಾಂಕ್ ಸಾಲ 9.5 ಲಕ್ಷ. ಸಬ್ಸಿಡಿ 3.5 ಲಕ್ಷ. ಇದೇ ಗಾಣ ರಾಮನಗರ ಟೌನ್‌ನಲ್ಲಿ ಹಾಕಿದ್ರೆ 2.5 ಲಕ್ಷ ಮಾತ್ರ. ಸಾಮಾನ್ಯ ವರ್ಗದ ಗಂಡಸರು ಕೈಯಿಂದ ಶೇ 10 ಹಾಕ್ಬೇಕು.

ಸಬ್ಸಿಡಿ ಕೈಗೆ ಬರಲ್ಲ

ಇಲ್ಲೇ ಜಾಸ್ತಿ ಜನ ಎಡವೋದು. ಆ ದುಡ್ಡು ನಿಮ್ಮ ಹೆಸರಲ್ಲಿ ಬ್ಯಾಂಕಲ್ಲೇ 3 ವರ್ಷ ಠೇವಣಿ ಇರುತ್ತೆ. ಠೇವಣಿಗೆ ಬಡ್ಡಿ ಕೊಡಲ್ಲ, ಆದ್ರೆ ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕೋದೂ ಇಲ್ಲ. 3 ವರ್ಷ ಆದ್ಮೇಲೆ, ಘಟಕ ನಡೀತಿದೆಯಾ ಅಂತ ನೋಡಿ, ಸಾಲಕ್ಕೆ ಜಮಾ ಮಾಡ್ತಾರೆ. ಸಬ್ಸಿಡಿ ದುಡ್ಡಲ್ಲಿ ಹಳೇ ಸಾಲ ತೀರಿಸ್ತೀನಿ, ಮದುವೆ ಮಾಡ್ತೀನಿ ಅಂತ ಲೆಕ್ಕ ಹಾಕಿದ್ರೆ ಕೆಟ್ಟಿರಿ.

ಯಾರಿಗೆ ಸಿಗುತ್ತೆ?

18 ವರ್ಷ ತುಂಬಿರ್ಬೇಕು. ಗಂಡ-ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ಹೊಸ ಘಟಕ ಆಗಿರ್ಬೇಕು, ಈಗಾಗಲೇ ನಡೀತಿರೋದಕ್ಕೆ ಹೊಸದು ಅಂತ ಹಾಕೋಕಾಗಲ್ಲ. ತಯಾರಿಕೆಯಲ್ಲಿ 10 ಲಕ್ಷ, ಸೇವೆಯಲ್ಲಿ 5 ಲಕ್ಷ ದಾಟಿದ್ರೆ ಮಾತ್ರ 8ನೇ ಕ್ಲಾಸ್ ಪಾಸಾಗಿರ್ಬೇಕು. ಹಿಪ್ಪುನೇರಳೆ ಬೆಳೆಯೋದಕ್ಕೆ ಇದು ಬರಲ್ಲ, ನೂಲು ಬಿಚ್ಚೋದಕ್ಕೆ ಬರುತ್ತೆ. ಅಂಗಡಿಗೆ ಮಾಲು ತುಂಬೋಕೆ ಮುದ್ರಾ ಸಾಲ ಕೇಳಿ, ಆದ್ರೆ ಅದರಲ್ಲಿ ಸಬ್ಸಿಡಿ ಇಲ್ಲ.

10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಆಸ್ತಿ ಅಡ ಕೇಳಬಾರದು ಅನ್ನೋದು ರಿಸರ್ವ್ ಬ್ಯಾಂಕ್ ನಿಯಮ. ಮ್ಯಾನೇಜರ್ ಪತ್ರ ಕೇಳಿದ್ರೆ ಈ ಮಾತು ನೆನಪಿಸಿ. ಸಾಲ ಕೊಡೋದು ಬಿಡೋದು ಮಾತ್ರ ಕೊನೆಗೆ ಬ್ಯಾಂಕಿನ ತೀರ್ಮಾನವೇ. ಹಾಗಾಗಿ ಅರ್ಜಿಗೆ ಮುಂಚೆನೇ ಬ್ಯಾಂಕಿಗೆ ಹೋಗಿ ಮಾತಾಡಿ.

ಅರ್ಜಿ ಆನ್‌ಲೈನ್, ಫೀಸ್ ಇಲ್ಲ. ಆಧಾರ್, ಯೋಜನಾ ವರದಿ, ಗ್ರಾಮೀಣ ಪ್ರದೇಶದ ಪ್ರಮಾಣಪತ್ರ ಬೇಕು. ಈಗ ಅರ್ಜಿ ತಗೋತಿದ್ದಾರಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲೇ ಕೇಳಿ. "ಇಷ್ಟು ಪರ್ಸೆಂಟ್ ಕೊಡಿ, ಸ್ಯಾಂಕ್ಷನ್ ಮಾಡಿಸ್ತೀನಿ" ಅನ್ನೋರಿಗೆ ಒಂದು ರೂಪಾಯಿನೂ ಕೊಡ್ಬೇಡಿ. ಹಳ್ಳಿ ಅಂತ ಸಿಗೋ ಆ 1 ಲಕ್ಷ ಬ್ರೋಕರ್ ಜೇಬಿಗೆ ಹೋದ್ರೆ ಊರಿಗೆ ಏನು ಬಂತು?