ಕಾಡಿಗೆ ಕಾಣುವ ಮೊದಲೇ ಉಪಚಾರ: ಗರ್ಭಕಂಠದ ಕ್ಯಾನ್ಸರಿಗೂ ಅದೇ ದಾರಿ

ಜೋಳದ ಕಾಡಿಗೆ ರೋಗ ತೆನೆಯಲ್ಲಿ ಕಣ್ಣಿಗೆ ಬೀಳುವ ಹೊತ್ತಿಗೆ ಮಾಡುವುದೇನೂ ಉಳಿದಿರುವುದಿಲ್ಲ. ಸೋಂಕು ಮೊಳಕೆಯಲ್ಲೇ ಹೊಕ್ಕಿರುತ್ತದೆ. ಆದ್ದರಿಂದಲೇ ಬಿತ್ತುವ ಮೊದಲು ಬೀಜಕ್ಕೆ ಗಂಧಕ ಹಚ್ಚಿರೆಂದು ನಾವು ಹೇಳುತ್ತ ಬಂದಿದ್ದೇವೆ. ಹೆಂಗಸರ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರೂ ಹೆಚ್ಚುಕಡಿಮೆ ಇದೇ ಜಾತಿಯದು. ಎಚ್.ಪಿ.ವಿ. ಎಂಬ ವೈರಸ್ಸಿನ ಸೋಂಕು ಒಳಗೇ ಉಳಿದರೆ ಎಷ್ಟೋ ವರ್ಷಗಳ ಮೇಲೆ ರೋಗ ಹೊರಬೀಳುತ್ತದೆ. ನಡುವಿನ ಕಾಲದಲ್ಲಿ ನೋವಿಲ್ಲ, ಬಾಧೆಯಿಲ್ಲ. ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ. ಆಗ ಕೆಟ್ಟ ಭಾಗವನ್ನಷ್ಟೇ ತೆಗೆದು ಗುಣಪಡಿಸಬಹುದು.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಬೀದರ್, ಕಲಬುರಗಿ ಗಡಿಯಾಚೆಯ ಹಳ್ಳಿಗರೇ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ರೋಗಿಗಳು ಬರಲೆಂದು ಆಸ್ಪತ್ರೆಯಲ್ಲಿ ಕಾಯದೆ ಕಾರ್ಯಕರ್ತರು ಊರೂರಿಗೆ ಹೋಗಿ ಲಕ್ಷಣ ತಿಳಿಸಿ, ಸಂಶಯ ಬಂದವರನ್ನು ತಪಾಸಣೆಗೆ ಕಳುಹಿಸಿದರು. ಕೆಲವೇ ವರ್ಷಗಳಲ್ಲಿ, ರೋಗ ಬಲಿಯುವ ಮೊದಲೇ ಬರುವವರ ಪ್ರಮಾಣ ಹೆಚ್ಚಿತು.

ಮುಂದೆ 1999ರಿಂದ ಪಕ್ಕದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯಲ್ಲಿ ದೊಡ್ಡ ಪ್ರಯೋಗ ನಡೆಯಿತು. ಹಳ್ಳಿಗಳನ್ನು 52 ಗುಂಪು ಮಾಡಿ, 30ರಿಂದ 59 ವಯಸ್ಸಿನ 1,31,746 ಹೆಂಗಸರನ್ನು ಸೇರಿಸಿಕೊಂಡರು. ಮೂರು ಪಾಲಿಗೆ ಮೂರು ಬಗೆಯ ಪರೀಕ್ಷೆ, ನಾಲ್ಕನೆಯದು ನಮ್ಮ ಹೋಲಿಕೆ ತಾಕಿನ ಹಾಗೆ. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಚ್.ಪಿ.ವಿ. ಪರೀಕ್ಷೆಯ ಪಾಲಿನ 34,126 ಹೆಂಗಸರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಹೋಲಿಕೆಯ 31,488 ಹೆಂಗಸರಲ್ಲಿ 64. ಒಂದೇ ಒಂದು ಸಲದ ಪರೀಕ್ಷೆಯಿಂದ ಸಾವು ಅರ್ಧದಷ್ಟು ಇಳಿಯಿತು. ಉಳಿದೆರಡು ವಿಧಾನಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ.

ಹೋಲಿಕೆ ತಾಕು ಹೊಲಕ್ಕೆ ಸರಿ, ಜೀವಕ್ಕೆ ಸರಿಯೇ ಎಂಬ ಆಕ್ಷೇಪ ಆಮೇಲೆ ಬಂತು. ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ವಾಚನಾಲಯದಲ್ಲಿ ಇದನ್ನು ಓದುವವರು ಹೆಚ್ಚಾಗಿ ಗಂಡಸರು. ದಯವಿಟ್ಟು ಮನೆಯಲ್ಲಿಯೂ ಓದಿ ಹೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನೊಡನೆ ಕೂಡಿದ ಮೇಲೆ ರಕ್ತ ಹೋದರೆ, ವಾಸನೆಯ ಸ್ರಾವವಿದ್ದರೆ ತಡಮಾಡಬಾರದು. ಕಳೆ ತೆಗೆಯುವ ಕಾಲ, ಒಂದು ದಿನದ ಕೂಲಿ ಹೋಗುತ್ತದೆಂದು ಹೆಂಗಸರು ಮುಂದಕ್ಕೆ ಹಾಕುತ್ತಾರೆ, ನಾವೂ ಸುಮ್ಮನಿರುತ್ತೇವೆ. ಲಕ್ಷಣವಿಲ್ಲದಿದ್ದರೂ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠಗಳ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿದೆ. ಎಚ್.ಪಿ.ವಿ. ಪರೀಕ್ಷೆ ಎಲ್ಲ ಕಡೆ ಸಿಗದು. ಎಲ್ಲಿ ಸಿಗುತ್ತದೆಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ನಾಲ್ಕಾರು ಮನೆಯವರು ಕೂಡಿ ಒಂದೇ ದಿನ ಹೋಗಿಬಂದರೆ ಸಂಕೋಚವೂ ಕಡಿಮೆ, ಗಾಡಿಯ ಖರ್ಚೂ ಕಡಿಮೆ.