ಹಿಂಭಾಗ ಕುಸಿದ ವಾಹನಕ್ಕೆ ಇನ್ನೊಂದು ಪಾಟಾ ಮದ್ದಲ್ಲ

ಬಳ್ಳಾರಿ: ಭತ್ತದ ಕೊಯ್ಲು ಆರಂಭವಾದರೆ ಸಿರುಗುಪ್ಪ ಮತ್ತು ಕುರುಗೋಡು ರಸ್ತೆಗಳಿಗೆ ಹಗಲು ರಾತ್ರಿಯ ಭೇದವಿರುವುದಿಲ್ಲ. ಟ್ರ್ಯಾಕ್ಟರ್‌ಗಳ ಸಾಲಿನ ನಡುವೆ ಪಿಕಪ್ ವಾಹನಗಳೂ ಹಳೆಯ ಜೀಪುಗಳೂ ಜನರೇಟರ್, ಕಂಪ್ರೆಸರ್, ಕಾಂಕ್ರೀಟ್ ಮಿಕ್ಸರ್ ಅಥವಾ ಎರಡು ಚಕ್ರದ ಸಣ್ಣ ಟ್ರೈಲರ್ ಎಳೆದುಕೊಂಡು ಸಾಗುತ್ತವೆ. ಇವುಗಳಲ್ಲಿ ಕೆಲವನ್ನು ದೂರದಿಂದಲೇ ಗುರುತಿಸಬಹುದು. ಹಿಂಭಾಗ ನೆಲದತ್ತ ಬಾಗಿರುತ್ತದೆ, ಮೂತಿ ಮೇಲೆದ್ದಿರುತ್ತದೆ, ರಾತ್ರಿಯಾದರೆ ಹೆಡ್‌ಲೈಟಿನ ಬೆಳಕು ನೇರವಾಗಿ ಎದುರಿನವರ ಕಣ್ಣಿಗೆ ಬೀಳುತ್ತದೆ.

ಇಂಥ ವಾಹನ ಗ್ಯಾರೇಜಿಗೆ ಬಂದಾಗ ಮಾಲೀಕರು ಸಾಮಾನ್ಯವಾಗಿ ಕೇಳುವುದು ಒಂದೇ: 'ಇನ್ನೊಂದು ಪಾಟಾ ಹಾಕಿಬಿಡ್ರಿ.' ಪಾಟಾ ಎಂದರೆ ಹಿಂಬದಿಯ ಆಕ್ಸಲ್ ಮೇಲೆ ಒಂದರ ಮೇಲೊಂದು ಜೋಡಿಸಿರುವ ಕಮಾನಿನಾಕಾರದ ಉಕ್ಕಿನ ಪಟ್ಟಿ. ಒಂದು ಪಟ್ಟಿ ಹೆಚ್ಚಾದೊಡನೆ ವಾಹನ ಮೇಲೇಳುತ್ತದೆ, ಮಾಲೀಕರಿಗೆ ಸಮಾಧಾನವಾಗುತ್ತದೆ. ಆದರೆ ಕುಸಿತ ಒಂದು ಲಕ್ಷಣವೇ ಹೊರತು ರೋಗವಲ್ಲ. ಕಾರಣ ತಿಳಿಯದೆ ಪಾಟಾ ಹೆಚ್ಚಿಸಿದರೆ ರೋಗ ಒಳಗೇ ಉಳಿಯುತ್ತದೆ. ಕಣ್ಣಿಗೆ ಕಾಣುತ್ತಿದ್ದ ಎಚ್ಚರಿಕೆ ಮಾತ್ರ ಮರೆಯಾಗುತ್ತದೆ.

ಕುಸಿತದಿಂದ ಆಗುವುದೇನು?

ಮೊದಲ ಅಪಾಯ ಬೆಳಕಿನದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತರವಿರುವ ವಾಹನವೊಂದರ ಹಿಂಭಾಗ 5 ಸೆಂಟಿಮೀಟರ್ ಕುಸಿಯಿತು ಎಂದಿಟ್ಟುಕೊಳ್ಳೋಣ. ಇದು ಅಲ್ಪವೆಂದು ತೋರಬಹುದು. ಆದರೆ 60 ಮೀಟರ್ ದೂರದಲ್ಲಿ ಹೆಡ್‌ಲೈಟಿನ ಬೆಳಕು 1 ಮೀಟರ್‌ನಷ್ಟು ಮೇಲಕ್ಕೆ ಏರಿರುತ್ತದೆ. ಚಾಲಕ ಡಿಮ್ ಮಾಡಿದ್ದರೂ ಎದುರಿನಿಂದ ಬರುವ ಬೈಕ್ ಸವಾರನಿಗೆ ಅದು ಪೂರ್ಣ ಪ್ರಖರ ಬೆಳಕೇ. ರಾಷ್ಟ್ರೀಯ ಹೆದ್ದಾರಿ 150ಎ ಹಾದುಹೋಗುವ ಬಳ್ಳಾರಿ-ಸಿರುಗುಪ್ಪ ಮಾರ್ಗದಲ್ಲಿ ಕತ್ತಲಾದ ಮೇಲೆ ದ್ವಿಚಕ್ರ ವಾಹನದಲ್ಲಿ ಊರು ಸೇರುವವರು ಬಹಳ. ರಸ್ತೆಯ ಅಂಚು ಕಾಣದ ಒಂದೆರಡು ಕ್ಷಣಗಳೇ ಅವರ ಪಾಲಿಗೆ ಮಾರಕವಾಗಬಲ್ಲವು.

ಎರಡನೆಯದು ಸ್ಟೀರಿಂಗ್. ಹಿಂಭಾಗ ತಗ್ಗಿದಾಗ ಮುಂದಿನ ಚಕ್ರಗಳ ಮೇಲಿನ ಭಾರ ಇಳಿಯುತ್ತದೆ. ಸ್ಟೀರಿಂಗ್ ಹಗುರವೆನಿಸುತ್ತದೆ, ತಿರುವಿನಲ್ಲಿ ಮತ್ತು ಬ್ರೇಕ್ ಒತ್ತಿದಾಗ ಮುಂದಿನ ಟೈರುಗಳ ಹಿಡಿತ ಕಡಿಮೆಯಾಗುತ್ತದೆ. ಮೂರನೆಯದಾಗಿ, ಪಾಟಾ ತನ್ನ ಚಲನೆಯ ಮಿತಿ ಮುಟ್ಟಿ ರಬ್ಬರ್ ತಡೆಗೆ ಬಡಿಯುತ್ತಿದ್ದರೆ ಪ್ರತಿ ಗುಂಡಿಯ ಹೊಡೆತವೂ ನೇರವಾಗಿ ಚಾಸಿಗೆ ತಲುಪುತ್ತದೆ. ಸಿರುಗುಪ್ಪ, ಕುರುಗೋಡು ಭಾಗದ ಎರೆಭೂಮಿ ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವಂಥದು. ಅದರ ಮೇಲೆ ಹಾಸಿದ ರಸ್ತೆಗಳು ಅಲೆಯಂತೆ ಏರಿಳಿಯುವುದು ಸಹಜ. ಇಂಥ ರಸ್ತೆಯಲ್ಲಿ ಪಾಟಾ ಪ್ರತಿ ಕಿಲೋಮೀಟರಿಗೆ ನೂರಾರು ಬಾರಿ ಬಾಗಿ ಏಳುತ್ತದೆ. ಲೋಹ ದಣಿಯುವುದು ಹೀಗೆ.

ಏತದ ಲೆಕ್ಕ

ಟ್ರೈಲರ್ ಎಳೆಯುವ ವಾಹನವೇ ಹೆಚ್ಚು ಕುಸಿಯುವುದೇಕೆ ಎಂಬುದಕ್ಕೆ ಉತ್ತರ ಏತದಲ್ಲಿದೆ. ಏತದ ಮರದ ತುದಿಗೆ ಬಿದ್ದ ಸಣ್ಣ ಭಾರವೂ ಇನ್ನೊಂದು ತುದಿಯನ್ನು ಎತ್ತುತ್ತದೆ. ವಾಹನದ ಹಿಂದಿನ ಆಕ್ಸಲ್ ಏತದ ಆಧಾರವಿದ್ದಂತೆ. ಟ್ರೈಲರ್ ಸಿಕ್ಕಿಸುವ ಕೊಂಡಿ ಅದರಾಚೆಗಿನ ತುದಿ.

ಕೊಂಡಿಯು ಹಿಂದಿನ ಆಕ್ಸಲ್‌ಗಿಂತ 1.2 ಮೀಟರ್ ಹಿಂದಿದೆ, ಅದರ ಮೇಲೆ ಟ್ರೈಲರ್ 100 ಕಿಲೋ ಭಾರ ಹಾಕುತ್ತಿದೆ ಎನ್ನೋಣ. 3 ಮೀಟರ್ ಅಂತರದ ವಾಹನದಲ್ಲಿ ಹಿಂದಿನ ಆಕ್ಸಲ್ ಮೇಲೆ ಬೀಳುವುದು 100 ಕಿಲೋ ಅಲ್ಲ, 140 ಕಿಲೋ. ಉಳಿದ 40 ಕಿಲೋ ಮುಂದಿನ ಆಕ್ಸಲ್‌ನಿಂದ ಇಳಿದು ಹಿಂದಕ್ಕೆ ಬಂದದ್ದು. ಇದರ ಮೇಲೆ ಪಿಕಪ್‌ನ ಬಾಡಿಯಲ್ಲಿಯೂ ಚೀಲಗಳನ್ನು ಹೇರಿ, ಅವುಗಳನ್ನು ಹಿಂಬಾಗಿಲಿನ ಬಳಿಯೇ ಪೇರಿಸಿದರೆ ಹಿಂದಿನ ಆಕ್ಸಲ್ ಮಿತಿ ಮೀರುವುದು ಬಲು ಸುಲಭ.

ಈ ಭಾಗದಲ್ಲಿ ಟ್ರ್ಯಾಕ್ಟರ್ ಬಳಕೆಯ ರೂಢಿಯೂ ಜನರನ್ನು ದಾರಿ ತಪ್ಪಿಸುತ್ತದೆ. ಟ್ರ್ಯಾಕ್ಟರ್‌ನ ಹಿಂದಿನ ಆಕ್ಸಲ್‌ಗೆ ಸ್ಪ್ರಿಂಗ್ ಇರುವುದಿಲ್ಲ. ಆದ್ದರಿಂದ ಎಷ್ಟು ಭಾರ ಕಟ್ಟಿದರೂ ಅದರ ಹಿಂಭಾಗ ಕುಸಿದಂತೆ ಕಾಣುವುದಿಲ್ಲ. ಅತಿಯಾದರೆ ಮುಂದಿನ ಚಕ್ರವೇ ಮೇಲೇಳುತ್ತದೆ. ಅದೇ ಅಂದಾಜಿನಲ್ಲಿ ಪಿಕಪ್ ಅಥವಾ ಜೀಪಿಗೆ ಭಾರ ಕಟ್ಟುವುದು ತಪ್ಪು.

ಮೊದಲು ಅಳತೆ, ಆಮೇಲೆ ಸ್ಪ್ಯಾನರ್

ಕುಸಿತದ ಮೂಲ ಪತ್ತೆಹಚ್ಚಲು ಬೇಕಾದುದು ಒಂದು ಟೇಪು ಮತ್ತು ಒಂದು ವೇ ಬ್ರಿಡ್ಜ್. ವಾಹನವನ್ನು ಖಾಲಿ ಮಾಡಿ, ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಸಮತಟ್ಟಾದ ನೆಲದ ಮೇಲೆ ನಿಲ್ಲಿಸಬೇಕು. ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಬರೆದುಕೊಳ್ಳಬೇಕು. ನಂತರ ಟ್ರೈಲರ್ ಸಿಕ್ಕಿಸಿ ಮತ್ತೆ ಅಳೆಯಬೇಕು.

ಖಾಲಿ ಇದ್ದಾಗಲೇ ಹಿಂಭಾಗ ತಗ್ಗಿದ್ದರೆ ಪಾಟಾ ದಣಿದಿದೆ ಅಥವಾ ಮುರಿದಿದೆ ಎಂದರ್ಥ. ಒಂದೇ ಬದಿ ತಗ್ಗಿದ್ದರೆ ಆ ಬದಿಯಲ್ಲಿ ತುಂಡಾದ ಪಟ್ಟಿ, ಮುರಿದ ಸೆಂಟರ್ ಬೋಲ್ಟ್, ಸಡಿಲಗೊಂಡ ಯು-ಬೋಲ್ಟ್, ಸವೆದ ಬುಷ್ ಅಥವಾ ಶ್ಯಾಕಲ್ ಇದೆಯೇ ಎಂದು ನೋಡಬೇಕು. ಖಾಲಿ ಇದ್ದಾಗ ಎತ್ತರ ಸರಿಯಾಗಿದ್ದು, ಟ್ರೈಲರ್ ಕಟ್ಟಿದಾಗ ಮಾತ್ರ ಕುಸಿದರೆ ದೋಷವಿರುವುದು ಹೆಚ್ಚಾಗಿ ಭಾರದಲ್ಲಿ ಅಥವಾ ಅದನ್ನು ಹೇರಿದ ರೀತಿಯಲ್ಲಿ.

ಅದನ್ನು ಹೇಳುವುದು ವೇ ಬ್ರಿಡ್ಜ್. ಸಿರುಗುಪ್ಪದಂಥ ಅಕ್ಕಿ ಗಿರಣಿಗಳ ಊರಿನಲ್ಲಿ ತೂಕದ ವ್ಯವಸ್ಥೆಗೆ ಕೊರತೆಯಿಲ್ಲ. ಮೊದಲು ಟ್ರೈಲರ್ ಇಲ್ಲದೆ ವಾಹನವನ್ನಷ್ಟೇ ತೂಗಬೇಕು. ಅನಂತರ ಟ್ರೈಲರ್ ಸಿಕ್ಕಿಸಿ, ಅದರ ಚಕ್ರಗಳು ತಟ್ಟೆಯ ಹೊರಗೆ ಉಳಿಯುವಂತೆ ನಿಲ್ಲಿಸಿ ಮತ್ತೊಮ್ಮೆ ತೂಗಬೇಕು. ಎರಡರ ವ್ಯತ್ಯಾಸವೇ ಕೊಂಡಿಯ ಮೇಲಿನ ಭಾರ. ಹಿಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿದರೆ ಹಿಂದಿನ ಆಕ್ಸಲ್‌ನ ಭಾರ ತಿಳಿಯುತ್ತದೆ. ಈ ಅಂಕಿಗಳನ್ನು ನೋಂದಣಿ ಪತ್ರ ಮತ್ತು ತಯಾರಕರ ಕೈಪಿಡಿಯಲ್ಲಿರುವ ಮಿತಿಗಳೊಡನೆ ಹೋಲಿಸಬೇಕು.

ಒಂದೇ ಆಕ್ಸಲ್‌ನ ಟ್ರೈಲರ್‌ನಲ್ಲಿ ಒಟ್ಟು ತೂಕದ ಸುಮಾರು ಶೇ 10ರಷ್ಟು ಕೊಂಡಿಯ ಮೇಲೆ ಬೀಳುವುದು ವಾಡಿಕೆ. ವಾಹನದ ಕೈಪಿಡಿಯಲ್ಲಿ ಬೇರೆ ಮಿತಿ ಇದ್ದರೆ ಅದೇ ಅಂತಿಮ. ಭಾರ ಹೆಚ್ಚಿದ್ದರೆ ಸರಕನ್ನು ಟ್ರೈಲರ್‌ನ ಆಕ್ಸಲ್‌ನತ್ತ ತುಸು ಸರಿಸಿದರೆ ಸಾಕು. ಆದರೆ ಕುಸಿತ ತಪ್ಪಿಸಲೆಂದು ಎಲ್ಲವನ್ನೂ ಟ್ರೈಲರ್‌ನ ಹಿಂತುದಿಗೆ ಹೇರುವುದು ಇನ್ನೂ ದೊಡ್ಡ ಅಪಾಯ. ಕೊಂಡಿ ಹಗುರವಾದ ಟ್ರೈಲರ್ ವೇಗದಲ್ಲಿ ಹಾವಿನಂತೆ ಓಲಾಡತೊಡಗುತ್ತದೆ, ಕೊನೆಗೆ ಎಳೆಯುವ ವಾಹನವನ್ನೂ ಕೆಡವುತ್ತದೆ.

ಪಾಟಾ ಹೆಚ್ಚಿಸಿದರೆ ಏನು ತೊಂದರೆ?

ಒಂದೇ ಬಗೆಯ ಐದು ಪಟ್ಟಿಗಳಿಗೆ ಆರನೆಯದನ್ನು ಸೇರಿಸಿದರೆ ಸ್ಪ್ರಿಂಗ್‌ನ ಬಿರುಸು ಸುಮಾರು ಶೇ 20ರಷ್ಟು ಹೆಚ್ಚುತ್ತದೆ. ಆದರೆ ದಪ್ಪದ ಲೆಕ್ಕ ಬೇರೆ. ಪಟ್ಟಿಯ ಬಿರುಸು ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 8 ಮಿಲಿಮೀಟರ್ ಪಟ್ಟಿಯ ಜಾಗದಲ್ಲಿ ಲಾರಿಯ ಹಳೆಯ 10 ಮಿಲಿಮೀಟರ್ ಪಟ್ಟಿಯನ್ನು ಕತ್ತರಿಸಿ ಕೂರಿಸಿದರೆ, ಆ ಒಂದು ಪಟ್ಟಿಯ ಬಿರುಸೇ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಭಾರವಿದ್ದಾಗ ವಾಹನ ನೇರವಾಗಿ ನಿಲ್ಲುತ್ತದೆ, ನಿಜ. ಖಾಲಿ ಮರಳುವಾಗ ಹಿಂದಿನ ಚಕ್ರಗಳು ಗುಂಡಿಯ ಮೇಲೆ ಪುಟಿಯುತ್ತವೆ. ಪುಟಿದ ಚಕ್ರಕ್ಕೆ ಹಿಡಿತವಿಲ್ಲ, ಬ್ರೇಕೂ ಇಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಕೆಲವು ಸರಕು ವಾಹನಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವಿನ ಅಂತರವನ್ನು ಗ್ರಹಿಸಿ ಹಿಂಬದಿ ಬ್ರೇಕಿನ ಒತ್ತಡವನ್ನು ನಿಯಂತ್ರಿಸುವ ವಾಲ್ವ್ ಇರುತ್ತದೆ. ಹಿಂಭಾಗ ತಗ್ಗಿದರೆ ಭಾರವಿದೆಯೆಂದು ತಿಳಿದು ಅದು ಹೆಚ್ಚು ಒತ್ತಡ ಬಿಡುತ್ತದೆ. ಪಾಟಾ ಸೇರಿಸಿ ಹಿಂಭಾಗವನ್ನು ಎತ್ತಿಬಿಟ್ಟರೆ, ತುಂಬಿದ ವಾಹನವನ್ನೂ ಅದು ಖಾಲಿಯೆಂದು ಭಾವಿಸುತ್ತದೆ. ಬ್ರೇಕ್ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಹಿಂಬದಿಗೆ ಕಡಿಮೆ ಬ್ರೇಕ್ ಸಿಗುತ್ತದೆ.

ಯಾವ ದೋಷಕ್ಕೆ ಯಾವ ಪರಿಹಾರ?

ಪಾಟಾ ದಣಿದಿದ್ದರೆ ಅದೇ ಮಾದರಿಯ ಹೊಸ ಸೆಟ್ ಹಾಕುವುದೇ ನೇರವಾದ ದಾರಿ. ಒಂದು ಬದಿಗೆ ಮಾತ್ರ ಹಾಕಿದರೆ ವಾಹನ ಓರೆಯಾಗುವುದರಿಂದ ಎರಡೂ ಬದಿ ಒಟ್ಟಿಗೆ ಬದಲಿಸಬೇಕು. ಬುಷ್ ಮತ್ತು ಯು-ಬೋಲ್ಟ್‌ಗಳನ್ನೂ ಅದೇ ಸಮಯದಲ್ಲಿ ಹೊಸದಾಗಿಸುವುದು ಲೇಸು. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಯು-ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಗೊಳಿಸುವುದು ಕಡ್ಡಾಯ.

ಹಳೆಯ ಪಟ್ಟಿಗೆ ಮತ್ತೆ ಕಮಾನು ಕೊಡಿಸುವುದು ಅಗ್ಗದ ಮಾರ್ಗ. ಅನುಭವಿಗಳು ಪಟ್ಟಿಯನ್ನು ಕಾಯಿಸದೆ ಒತ್ತಿ ಬಾಗಿಸಿದರೆ ಸ್ವಲ್ಪ ಕಾಲ ಬಾಳುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಹಾಗೆಯೇ ಆರಲು ಬಿಟ್ಟರೆ ಉಕ್ಕಿನ ಹದ ಹೋಗುತ್ತದೆ. ಮುಂದಿನ ಕೊಯ್ಲಿನ ಹೊತ್ತಿಗೆ ಅದು ಮತ್ತೆ ಚಪ್ಪಟೆಯಾಗುತ್ತದೆ. ಬಿರುಕು ಬಿಟ್ಟ ಪಟ್ಟಿಗೆ ವೆಲ್ಡಿಂಗ್ ಮಾಡಿಸುವುದಂತೂ ಸರ್ವಥಾ ಸಲ್ಲದು.

ಪಾಟಾ ಚೆನ್ನಾಗಿದ್ದು, ತೂಕವೂ ಮಿತಿಯೊಳಗಿದ್ದು, ಟ್ರೈಲರ್ ಕಟ್ಟಿದಾಗ ಮಾತ್ರ ಹಿಂಭಾಗ ತಗ್ಗುತ್ತಿದ್ದರೆ ಸಹಾಯಕ ಸ್ಪ್ರಿಂಗ್ ಉಪಯುಕ್ತ. ಭಾರ ಬಿದ್ದಾಗ ಮಾತ್ರ ತಾಗಿ ಕೆಲಸ ಮಾಡುವ ಹೆಲ್ಪರ್ ಪಾಟಾ, ಆಕ್ಸಲ್ ಮೇಲೆ ಕೂರಿಸುವ ರಬ್ಬರ್ ಬಫರ್, ಗಾಳಿ ತುಂಬುವ ಏರ್ ಬ್ಯಾಗ್ ಈ ಗುಂಪಿಗೆ ಸೇರಿದವು. ಏರ್ ಬ್ಯಾಗ್‌ನ ಅನುಕೂಲವೆಂದರೆ ಖಾಲಿ ಓಡುವಾಗ ಗಾಳಿ ಇಳಿಸಬಹುದು. ಸ್ಕಾರ್ಪಿಯೊ, ಇನ್ನೋವಾದಂತೆ ಹಿಂದೆ ಸುರುಳಿ ಸ್ಪ್ರಿಂಗ್ ಇರುವ ವಾಹನಗಳಿಗೆ ಸುರುಳಿಯೊಳಗೆ ಕೂರುವ ಚಿಕ್ಕ ಏರ್ ಬ್ಯಾಗ್‌ಗಳಿವೆ. ಆಕ್ಸಲ್ ಮತ್ತು ಪಾಟಾ ನಡುವೆ ಕಬ್ಬಿಣದ ತುಂಡು ಇಟ್ಟು ಎತ್ತರಿಸುವುದರಿಂದ ಎತ್ತರ ಬರುತ್ತದೆಯೇ ಹೊರತು ಶಕ್ತಿ ಬರುವುದಿಲ್ಲ. ಶಾಕ್ ಅಬ್ಸಾರ್ಬರ್ ಬದಲಿಸಿದರೆ ಕುಸಿತ ಸರಿಹೋಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಅದರ ಕೆಲಸ ಕುಲುಕಾಟವನ್ನು ತಣಿಸುವುದು, ಭಾರ ಹೊರುವುದಲ್ಲ.

ಯಾವ ದುರಸ್ತಿಯಾದರೂ ಕೊನೆಯಲ್ಲಿ ಹೆಡ್‌ಲೈಟ್ ಹೊಂದಿಸಿಕೊಳ್ಳುವುದನ್ನು ಮರೆಯಬಾರದು. ಬೆಳಕಿನ ಎತ್ತರ ತಗ್ಗಿಸುವ ಗುಂಡಿ ಅನೇಕ ವಾಹನಗಳ ಡ್ಯಾಶ್‌ಬೋರ್ಡಿನಲ್ಲಿಯೇ ಇರುತ್ತದೆ.

ಕಾನೂನು ಏನು ಹೇಳುತ್ತದೆ?

ಹೊಸ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ವಾಹನದ ಅನುಮತಿತ ಭಾರ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಟೈರ್, ಚಾಸಿ ಎಲ್ಲವೂ ಹಳೆಯ ಮಿತಿಯವೇ ಆಗಿರುತ್ತವೆ. ಮೋಟಾರು ವಾಹನ ಕಾಯಿದೆ 1988ರ 113ನೇ ಕಲಂ ವಾಹನ ಮತ್ತು ಟ್ರೈಲರ್ ಎರಡಕ್ಕೂ ನೋಂದಣಿ ಪತ್ರದಲ್ಲಿನ ತೂಕವನ್ನು ಮೀರದಂತೆ ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ 194ನೇ ಕಲಂನಲ್ಲಿ ಅತಿಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ನಮೂದಿಸಲಾಗಿದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 52ನೇ ಕಲಂ ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ.

ಅತಿಭಾರದ ಬೆಲೆ ಏನೆಂಬುದು ಬಳ್ಳಾರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. 2000ದ ದಶಕದಲ್ಲಿ ಅದಿರು ಲಾರಿಗಳು ಮಿತಿ ಮೀರಿ ಭಾರ ಹೊತ್ತು ಓಡಿದ್ದು, ರಸ್ತೆಗಳು ಕಿತ್ತುಹೋದದ್ದು ಜನರ ನೆನಪಿನಲ್ಲಿದೆ. ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಸಲ್ಲಿಸಿದ ಗಣಿ ವರದಿಯಲ್ಲಿಯೂ ಅತಿಭಾರದ ಸಾಗಣೆ ದಾಖಲಾಗಿದೆ. ಅದಿರಿನ ಲಾರಿಗೆ ಅನ್ವಯಿಸುವ ಪಾಠ ಭತ್ತದ ಪಿಕಪ್‌ಗೂ ಅನ್ವಯಿಸುತ್ತದೆ.

ಒಂದು ಬಾರಿಯ ತೂಕದ ಚೀಟಿ, ಒಂದು ಟೇಪಿನ ಅಳತೆ, ಆಕ್ಸಲ್ ಕೆಳಗೆ ಹತ್ತು ನಿಮಿಷದ ತಪಾಸಣೆ. ಪಾಟಾ ಅಂಗಡಿಗೆ ಹೋಗುವ ಮುನ್ನ ಮಾಡಬೇಕಾದುದು ಇಷ್ಟೇ. ತೂಕದ ಚೀಟಿ ಮಿತಿ ಮೀರಿದೆ ಎಂದು ತೋರಿಸಿದರೆ ದುರಸ್ತಿ ಬೇಕಿರುವುದು ವಾಹನಕ್ಕಲ್ಲ, ಹೇರಿಕೆಗೆ. ಒಂದು ಬಾರಿಯ ಸರಕನ್ನು ಎರಡು ಬಾರಿ ಸಾಗಿಸಿದರೆ ಡೀಸೆಲ್ ಖರ್ಚಾಗಬಹುದು. ಎದುರಿನಿಂದ ಬರುವ ಬೈಕ್ ಸವಾರನ ಕಣ್ಣಿಗೆ ಮಾತ್ರ ರಸ್ತೆ ಕಾಣುತ್ತಿರುತ್ತದೆ.